ಸೋಗೆ ನೆರಳಿನ ಬೇಸಿಗೆ

ಏಪ್ರಿಲ್ ಹತ್ತು ಬಂತೆಂದರೆ ಶಾಲೆಯ ಮಕ್ಕಳ ಎದೆ ಎರಡು ಕಾರಣಕ್ಕೆ ಹೊಡೆದುಕೊಳ್ಳುತ್ತದೆ. ಒಂದು ಫಲಿತಾಂಶ, ಇನ್ನೊಂದು ಅದರ ಬೆನ್ನಿಗೇ ಬರುವ ಬೇಸಿಗೆ ರಜೆ. ಎರಡನೆಯದರ ಮುಂದೆ ಮೊದಲನೆಯದು ಹೆಚ್ಚು ಹೊತ್ತು ನಿಲ್ಲುವುದಿಲ್ಲವೆನ್ನಿ. ಅಂಕಪಟ್ಟಿಗೆ ಅಪ್ಪನ ಸಹಿ ಬೀಳುವಷ್ಟರಲ್ಲಿ ಬಟ್ಟೆ ತುಂಬಿದ ಚೀಲ ಬಾಗಿಲ ಬಳಿ ಬಂದು ಕೂತಿರುತ್ತದೆ. ಬೆಂಗಳೂರಿನಿಂದ ಅರಸೀಕೆರೆ ಕಡೆ ಹೋಗುವ ರೈಲಿನಲ್ಲೋ, ತುಮಕೂರು, ಗುಬ್ಬಿ, ನಿಟ್ಟೂರು, ಕಿಬ್ಬನಹಳ್ಳಿ ಕ್ರಾಸು ಎಂದು ಕಂಡಕ್ಟರ್ ಕೂಗುವ ಬಸ್ಸಿನಲ್ಲೋ ಕಿಟಕಿ ಪಕ್ಕ ಕುಳಿತ ಮಕ್ಕಳಿಗೆ ಊರು ಹತ್ತಿರವಾಯಿತೆಂದು ಯಾರೂ ಹೇಳಬೇಕಾಗಿಲ್ಲ. ರಸ್ತೆಯ ಎರಡೂ ಬದಿಯಲ್ಲಿ ತೆಂಗು ಶುರುವಾಗುತ್ತದೆ, ಶುರುವಾದದ್ದು ಮುಗಿಯುವುದಿಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ. ತುಮಕೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳ ಹೆಸರು ಹೇಳಿದರೆ ವ್ಯಾಪಾರಿಗೆ ಉಂಡೆ ಕೊಬ್ಬರಿ ನೆನಪಾಗುತ್ತದೆ, ಕೃಷಿ ವಿಜ್ಞಾನಿಗೆ ‘ತಿಪಟೂರು ಟಾಲ್’ ಎಂಬ ತಳಿ ನೆನಪಾಗುತ್ತದೆ, ರಾಜಕಾರಣಿಗೆ ಬೆಂಬಲ ಬೆಲೆ ನೆನಪಾಗುತ್ತದೆ. ಆದರೆ ಹತ್ತು ವರ್ಷದ ಹುಡುಗನನ್ನು ಕೇಳಿ ನೋಡಿ. ಅವನಿಗೆ ನೆನಪಾಗುವುದು ನೆರಳು.

ನೆರಳನ್ನು ಯಾರೂ ಒಂದು ಪದಾರ್ಥವೆಂದು ಎಣಿಸುವುದಿಲ್ಲ. ಮಾರುಕಟ್ಟೆಯಲ್ಲಿ ಅದಕ್ಕೆ ದರವಿಲ್ಲ. ಆದರೂ ಬಿಸಿಲು 35 ಡಿಗ್ರಿ ದಾಟಿದ ಮಧ್ಯಾಹ್ನ ಟಾರು ರಸ್ತೆಯಿಂದ ಇಳಿದು ತೋಟದೊಳಕ್ಕೆ ಹತ್ತು ಹೆಜ್ಜೆ ಇಟ್ಟವರಿಗೆ ಅದೇನೆಂದು ಗೊತ್ತು. ಛತ್ರಿಯ ನೆರಳು ಬೇರೆ, ಶೀಟು ಹೊದಿಸಿದ ಮನೆಯ ನೆರಳು ಬೇರೆ, ಮರದ ನೆರಳೇ ಬೇರೆ. ಮರ ಬಿಸಿಲನ್ನು ತಡೆಯುವುದಷ್ಟೇ ಅಲ್ಲ. ಬೇರಿನಿಂದ ಹೀರಿದ ನೀರನ್ನು ಎಲೆಗಳ ಮೂಲಕ ಆವಿಯಾಗಿ ಬಿಡುತ್ತದೆ. ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ತೆಗೆದುಕೊಂಡು ಹೋಗುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಿರುವುದೂ ಇದೇ ಕಾರಣಕ್ಕೆ. ಹಾಗೆ ನೋಡಿದರೆ ನೀರುಂಡ ತೆಂಗಿನ ತೋಟ ಒಂದು ದೊಡ್ಡ ಹೂಜಿ. ಅದರೊಳಗೆ ನುಲಿ ಮಂಚ ಹಾಕಿಕೊಂಡು ಮಲಗಿದ ತಾತನಿಗೆ ವಿಜ್ಞಾನದ ಪಾಠ ಗೊತ್ತಿಲ್ಲದಿರಬಹುದು, ಮಂಚವನ್ನು ಎಲ್ಲಿ ಹಾಕಬೇಕೆಂಬುದು ಗೊತ್ತು; ಬೆಳಿಗ್ಗೆ ನೀರು ಹಾಯಿಸಿದ ಪಾತಿಯ ಪಕ್ಕ.

ಭೂಮಿಯ ಇನ್ನೊಂದು ತುದಿಯಲ್ಲಿ ಸ್ವೀಡನ್ ಎಂಬ ದೇಶವಿದೆ. ಅಲ್ಲಿಯ ಮಕ್ಕಳಿಗೂ ಬೇಸಿಗೆ ರಜೆಯೆಂದರೆ ಹಳ್ಳಿಯ ತೋಟವೇ. ಜೂನ್ ನಡುವಿನಿಂದ ಆಗಸ್ಟ್ ನಡುವಿನವರೆಗೆ ಶಾಲೆಯಿಲ್ಲ. ಮರದ ಚಿಕ್ಕ ಮನೆ, ಸುತ್ತ ಹುಲ್ಲು, ಸ್ಟ್ರಾಬೆರಿ ಹಣ್ಣು, ಹೊಸ ಆಲೂಗೆಡ್ಡೆ, ರಾತ್ರಿ ಹತ್ತಾದರೂ ಮುಗಿಯದ ಬೆಳಕು. ಜೂನ್ ತಿಂಗಳಲ್ಲಿ ಅವರ ಹಗಲು ಹದಿನೆಂಟು ಗಂಟೆ ಮೀರುತ್ತದೆ, ದೇಶದ ಉತ್ತರ ತುದಿಯಲ್ಲಂತೂ ಸೂರ್ಯ ಮುಳುಗುವುದೇ ಇಲ್ಲ. ತಿಪಟೂರಿನ ಅತಿ ದೀರ್ಘ ಹಗಲೂ ಹದಿಮೂರು ಗಂಟೆಯ ಹತ್ತಿರ ಬಂದು ನಿಲ್ಲುತ್ತದೆ. ಚಳಿಗಾಲವೆಲ್ಲ ಕತ್ತಲಲ್ಲಿ ಕಳೆದ ಆ ಮಕ್ಕಳು ತೋಟಕ್ಕೆ ಓಡುವುದು ಬಿಸಿಲನ್ನು ಹುಡುಕಿಕೊಂಡು. ಇಲ್ಲಿಯ ಮಕ್ಕಳು ತೋಟಕ್ಕೆ ಓಡುವುದು ಬಿಸಿಲಿನಿಂದ ತಪ್ಪಿಸಿಕೊಂಡು. ಓಡುವ ದಿಕ್ಕು ಬೇರೆಯಾದರೂ ಸುಖದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಇನ್ನೂ ಒಂದು ನಂಟಿದೆ. ತೆಂಗಿಗೆ ‘ಕೋಕಸ್ ನ್ಯೂಸಿಫೆರಾ’ ಎಂದು ವಿಜ್ಞಾನದ ಹೆಸರಿಟ್ಟವನು ಸ್ವೀಡನ್ನಿನ ಕಾರ್ಲ್ ಲಿನಿಯಸ್. 1753ರ ತನ್ನ ಗ್ರಂಥದಲ್ಲಿ ಆತ ತನಗೆ ತಿಳಿದಿದ್ದ ಸಸ್ಯಗಳಿಗೆಲ್ಲ ಎರಡೆರಡು ಪದಗಳ ಹೆಸರು ಕೊಟ್ಟ. ಅದಾದ ಐದು ವರ್ಷಕ್ಕೆ, 1758ರಲ್ಲಿ, ಉಪ್ಸಾಲ ನಗರದ ಬಳಿಯ ಹಮ್ಮರ್‌ಬಿ ಎಂಬಲ್ಲಿ ಹೊಲಮನೆ ಕೊಂಡು ಬೇಸಿಗೆಗಳನ್ನು ಅಲ್ಲಿ ಕಳೆಯತೊಡಗಿದ. ವಿದ್ಯಾರ್ಥಿಗಳು ಪಾಠ ಕೇಳಲು ಅಲ್ಲಿಗೇ ಹೋಗುತ್ತಿದ್ದರು. ತೋಟ ಪಾಠಶಾಲೆಯೂ ಆಗಬಹುದೆಂಬುದಕ್ಕೆ ಅದೊಂದು ಹಳೆಯ ಉದಾಹರಣೆ.

ಹೆಸರಿನ ಹಿಂದೊಂದು ತಮಾಷೆಯಿದೆ. ‘ಕೋಕೊ’ ಎಂಬುದು ಪೋರ್ಚುಗೀಸ್ ನಾವಿಕರ ಮಾತು. ಸುಲಿದ ತೆಂಗಿನಕಾಯಿಯ ಮೂರು ಕಣ್ಣುಗಳನ್ನು ನೋಡಿ, ಮಕ್ಕಳನ್ನು ಹೆದರಿಸುವ ಗುಮ್ಮನ ಮುಖದಂತಿದೆ ಎಂದು ಹಾಗೆ ಕರೆದರಂತೆ. ಮಕ್ಕಳು ಒಂದು ಕಾಯಿ ತೆಗೆದುಕೊಂಡು ಆ ಮೂರು ಕಣ್ಣುಗಳನ್ನೂ ಕಡ್ಡಿಯಿಂದ ಚುಚ್ಚಿ ನೋಡಬೇಕು. ಎರಡು ಗಟ್ಟಿ, ಒಂದು ಮೆತ್ತಗೆ. ಮೊಳಕೆ ಹೊರಗೆ ಬರುವುದು ಆ ಮೆತ್ತನೆಯ ಕಣ್ಣಿನಿಂದಲೇ. ಮೊಳೆತ ಕಾಯನ್ನು ಒಡೆದರೆ ಒಳಗೆ ನೀರಿರಬೇಕಾದ ಜಾಗದಲ್ಲಿ ಬೆಳ್ಳಗೆ, ಚೆಂಡಿನಂಥ ಮೆದು ಗಡ್ಡೆ. ಮರಿಸಸಿ ಕೊಬ್ಬರಿಯನ್ನು ಕರಗಿಸಿ ಉಣ್ಣಲು ಮಾಡಿಕೊಂಡ ಹೊಟ್ಟೆ ಅದು. ಬಾಯಿಗಿಟ್ಟರೆ ಸಿಹಿ, ಬೆಂಡಿನಷ್ಟು ಹಗುರ. ಅಂಗಡಿಯಲ್ಲಿ ಸಿಗುವ ಯಾವ ಮಿಠಾಯಿಯೂ ಅದರ ಹತ್ತಿರ ಸುಳಿಯದು.

ಊರಿಗೆ ಬಂದ ಮೊದಲ ಮೂರು ದಿನ ಮಾತ್ರ ಸ್ವಲ್ಪ ಕಷ್ಟ. ಪಟ್ಟಣದ ಮಕ್ಕಳು ಮೊಬೈಲಿಗೆ ಸಿಗ್ನಲ್ ಹುಡುಕಿಕೊಂಡು ಜಗಲಿಯಿಂದ ಕಣದವರೆಗೆ ಓಡಾಡುತ್ತವೆ. ‘ಬೇಜಾರು’ ಎಂಬ ಮಾತು ಗಂಟೆಗೊಮ್ಮೆ ಕೇಳಿಬರುತ್ತದೆ. ಅಪ್ಪ ಅಮ್ಮ ಗಾಬರಿಯಾಗಿ, ಇದಕ್ಕಿಂತ ಯಾವುದಾದರೂ ಬೇಸಿಗೆ ಶಿಬಿರಕ್ಕೆ ಹಾಕಿದ್ದರೆ ಚೆನ್ನಾಗಿತ್ತೇನೋ ಎಂದುಕೊಳ್ಳುವುದು ಇದೇ ಹೊತ್ತಿನಲ್ಲಿ. ಶಿಬಿರ ಕೆಟ್ಟದ್ದೆಂದಲ್ಲ. ಆದರೆ ಬೇಜಾರನ್ನು ದೊಡ್ಡವರು ಕಾಯಿಲೆಯೆಂದು ತಿಳಿಯಬಾರದು. ಮಕ್ಕಳ ಬೇಜಾರು ಬಿತ್ತನೆಗೆ ಮುಂಚಿನ ಖಾಲಿ ಹೊಲದ ಹಾಗೆ. ನಾಲ್ಕನೇ ದಿನ ನೋಡಿ. ಹುಡುಗ ತಾನಾಗಿ ಎದ್ದು ತೋಟದಲ್ಲಿ ಬಿದ್ದ ಸೋಗೆ ಎಳೆದುಕೊಂಡು ಬರುತ್ತಾನೆ.

ಬಿದ್ದ ಒಂದು ಸೋಗೆಯಲ್ಲಿ ಎಷ್ಟು ಆಟಿಕೆಗಳಿವೆ! ಬುಡದ ಅಗಲವಾದ ಮಟ್ಟೆಯನ್ನು ಮಚ್ಚಿನಿಂದ ಕೆತ್ತಿಸಿಕೊಂಡರೆ ಕ್ರಿಕೆಟ್ ಬ್ಯಾಟು. ಸೋಗೆಯ ಮೇಲೆ ಒಬ್ಬನನ್ನು ಕೂರಿಸಿ ಇಬ್ಬರು ಎಳೆದರೆ ತೇರು. ಉದುರಿದ ಎರಡು ಹರಳುಗಳಿಗೆ ಕಡ್ಡಿ ಚುಚ್ಚಿದರೆ ಗಾಡಿಯ ಚಕ್ರ. ಹೊಂಬಾಳೆ ಬಿಚ್ಚಿಕೊಂಡ ಮೇಲೆ ಒಣಗಿ ಬೀಳುವ ಹೊರಕವಚ ಕಾಲುವೆಯ ನೀರಿನಲ್ಲಿ ದೋಣಿ. ಇನ್ನು ಗರಿಯ ಕೆಲಸ. ಹಸಿ ಗರಿಯೊಂದನ್ನು ಕಿತ್ತು, ನಡುವಿನ ಕಡ್ಡಿಯನ್ನು ಉಗುರಿನಿಂದ ಸೀಳಿ ತೆಗೆದು, ಉಳಿದ ಪಟ್ಟಿಯನ್ನು ಕಿರಿದಾಗಿ ಸುತ್ತಲು ಶುರುಮಾಡಿ ಅಗಲವಾಗುವಂತೆ ಬಿಡುತ್ತ ಹೋದರೆ ಕೊಳವೆಯಾಗುತ್ತದೆ. ಬಿಚ್ಚಿಹೋಗದ ಹಾಗೆ ತುದಿಗೆ ಅದೇ ಕಡ್ಡಿಯ ಚೂರು ಚುಚ್ಚಬೇಕು. ಕಿರಿದಾದ ಬಾಯಿಗೆ ಗರಿಯ ಚಿಕ್ಕ ತುಂಡೊಂದನ್ನು ಮಡಿಸಿ ಸಿಕ್ಕಿಸಿ ಊದಿದರೆ ಪೀಪಿ. ಮೊದಲ ಸಲ ಗಾಳಿಯ ಸದ್ದು ಬಿಟ್ಟು ಬೇರೇನೂ ಬರುವುದಿಲ್ಲ. ಐದಾರು ಸಲ ಕೆಟ್ಟ ಮೇಲೆ ಒಮ್ಮೆಗೇ ಓಲಗದವರೇ ತಿರುಗಿ ನೋಡುವ ಹಾಗೆ ಕೂಗುತ್ತದೆ. ಮಡಿಸಿದ ಎರಡು ಗರಿ ತುಂಡುಗಳನ್ನು ಅಡ್ಡಡ್ಡ ಹೆಣೆದು ಕಡ್ಡಿಗೆ ಪೋಣಿಸಿದರೆ ಗಾಳಿಗೆ ತಿರುಗುವ ಗಿರಿಗಿಟ್ಲೆ. ವಾಚು, ಕನ್ನಡಕ, ಹಾವು, ಬುಟ್ಟಿ ಎಲ್ಲವೂ ಅಲ್ಲಿಂದಲೇ. ಇವೆಲ್ಲ ಸಂಜೆಗೆ ಬಾಡಿಹೋಗುತ್ತವೆ. ನಾಳೆ ಹೊಸದು ಮಾಡಬೇಕು. ಕೈಗೆ ಕೆಲಸ ಬರುವುದು ಹಾಗೆಯೇ ಅಲ್ಲವೇ?

ಆಟ ಸಾಕಾದಾಗ ಲೆಕ್ಕವೂ ಉಂಟು. ಪುಸ್ತಕದ ಲೆಕ್ಕವಲ್ಲ, ಗಾಬರಿ ಬೇಡ. ಮರದಿಂದ ಮರಕ್ಕೆ ಮೂವತ್ತು ಅಡಿ ಬಿಟ್ಟು ನೆಟ್ಟ ತೋಟದಲ್ಲಿ ಎಕರೆಗೆ ಎಷ್ಟು ಮರ? ಎಕರೆಯೆಂದರೆ 43,560 ಚದರ ಅಡಿ. ಒಂದು ಮರದ ಪಾಲು 900 ಚದರ ಅಡಿ. ಭಾಗಿಸಿದರೆ 48 ಚಿಲ್ಲರೆ. ಉತ್ತರ ಸರಿಯೇ ಎಂದು ಹಿಂದಿನ ಪುಟ ತಿರುಗಿಸಬೇಕಾಗಿಲ್ಲ, ತೋಟಕ್ಕೆ ಹೋಗಿ ಎಣಿಸಿದರಾಯಿತು. ಮರದ ವಯಸ್ಸು? ಬೆಳೆದ ತೆಂಗು ವರ್ಷಕ್ಕೆ ಸುಮಾರು ಹನ್ನೆರಡರಿಂದ ಹದಿನಾಲ್ಕು ಗರಿ ಬಿಡುತ್ತದೆ, ಅಂದರೆ ಹೆಚ್ಚು ಕಡಿಮೆ ತಿಂಗಳಿಗೊಂದು. ಬಿದ್ದ ಪ್ರತಿ ಗರಿಯೂ ಕಾಂಡದ ಮೇಲೆ ಬಳೆಯಂಥ ಗುರುತು ಬಿಟ್ಟು ಹೋಗುತ್ತದೆ. ಬುಡದಲ್ಲಿ ಗುರುತುಗಳು ಮಸುಕಾಗಿರುವುದರಿಂದ ಲೆಕ್ಕ ಪೂರ್ತಿ ನಿಖರವಲ್ಲ. ಆದರೂ ಹನ್ನೆರಡು ಗುರುತಿಗೆ ಒಂದು ವರ್ಷವೆಂದು ಹಿಡಿದು ಎಣಿಸುತ್ತ ಹೋದರೆ ಅಪ್ಪ ಹುಟ್ಟಿದ ವರ್ಷ ಕಾಂಡದ ಯಾವ ಎತ್ತರದಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದು.

ಇದಕ್ಕಿಂತ ಸೊಗಸಾದದ್ದು ಗೊನೆಗಳ ಲೆಕ್ಕ. ಪ್ರತಿ ಗರಿಯ ಕಂಕುಳಲ್ಲಿ ಒಂದು ಹೊಂಬಾಳೆ. ಹೊಂಬಾಳೆ ಬಿಚ್ಚಿದ ಮೇಲೆ ಕಾಯಿ ಬಲಿಯಲು ಸುಮಾರು ಹನ್ನೆರಡು ತಿಂಗಳು. ಆದ್ದರಿಂದ ಚೆನ್ನಾಗಿ ಸಾಕಿದ ಮರದ ಕೆಳಗೆ ನಿಂತು ತಲೆಯೆತ್ತಿದರೆ, ಈಗತಾನೇ ಬಿಚ್ಚಿದ ಹೊಂಬಾಳೆಯಿಂದ ಹಿಡಿದು ಕೆಡವಲು ಸಿದ್ಧವಾದ ಗೊನೆಯವರೆಗೆ, ವರ್ಷದ ಎಲ್ಲ ತಿಂಗಳುಗಳೂ ಒಂದೇ ಕಡೆ ತೂಗುತ್ತಿರುತ್ತವೆ. ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಸಲಕ್ಕೆ ಒಂದೇ ತಿಂಗಳು ಕಾಣುತ್ತದೆ. ಇಲ್ಲಿ ಹನ್ನೆರಡೂ ಕಾಣುತ್ತವೆ. ಎಳನೀರಿಗೆ ಏಳು ತಿಂಗಳ ಕಾಯಿ ಬೇಕು. ಏಪ್ರಿಲಿನಲ್ಲಿ ಕುಡಿಯುವ ಎಳನೀರು ಹಿಂದಿನ ಗೌರಿ ಹಬ್ಬದ ಆಸುಪಾಸಿನಲ್ಲಿ ಹೂವಾಗಿತ್ತು. ಮಳೆಯಿಲ್ಲದ ಬೇಸಿಗೆಯಲ್ಲಿ ಹರಳು ವಿಪರೀತ ಉದುರಿದರೆ ಅದರ ಫಲ ಮುಂದಿನ ವರ್ಷದ ಗೊನೆಯಲ್ಲಿ ಕಾಣುತ್ತದೆ. ತಾತ ಮರದ ಮೇಲೆ ನೋಡಿ ನಿಟ್ಟುಸಿರು ಬಿಟ್ಟರೆ ಅದು ಈ ವರ್ಷದ ನಿಟ್ಟುಸಿರಲ್ಲ.

ಕೊಬ್ಬರಿಯ ಲೆಕ್ಕ ಇನ್ನೂ ಉದ್ದ. ಬೇರೆ ಕಡೆ ಕಾಯನ್ನು ಒಡೆದು ಬಿಸಿಲಿಗೆ ಹಾಕಿ ಎಣ್ಣೆಯ ಕೊಬ್ಬರಿ ಮಾಡುತ್ತಾರೆ. ಈ ಸೀಮೆಯ ಕ್ರಮವೇ ಬೇರೆ. ಪೂರ್ತಿ ಬಲಿತ ಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ಹತ್ತು, ಹನ್ನೊಂದು ತಿಂಗಳು ಮುಟ್ಟದೆ ಬಿಡುತ್ತಾರೆ. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಕರಟದಿಂದ ತಾನಾಗಿ ಬಿಡಿಸಿಕೊಳ್ಳುತ್ತದೆ. ಅಟ್ಟ ಹತ್ತಿದ ಮೊಮ್ಮಗಳ ಕೈಗೆ ಅಜ್ಜಿ ಒಂದು ಕಾಯಿ ಕೊಟ್ಟು, ‘ಕಿವಿ ಹತ್ರ ಇಟ್ಕೊಂಡು ಅಲ್ಲಾಡ್ಸವ್ವ’ ಎನ್ನುತ್ತಾರೆ. ನೀರು ಕುಲುಕಿದರೆ ಇನ್ನೂ ಆಗಿಲ್ಲ. ಗಡಗಡ ಎಂದು ಉಂಡೆ ಉರುಳಿದ ಸದ್ದು ಬಂದರೆ ಆಗಿದೆ. ಹೂವಾಗಿ ಒಂದು ವರ್ಷ, ಅಟ್ಟದಲ್ಲಿ ಒಂದು ವರ್ಷ. ಹುಡುಗಿ ಬೆಲ್ಲದ ಜೊತೆ ಕಡಿಯುವ ಆ ಕೊಬ್ಬರಿ ಚೂರು ಅವಳು ಎರಡು ತರಗತಿ ಹಿಂದೆ ಓದುತ್ತಿದ್ದಾಗ ಹೊಂಬಾಳೆಯಲ್ಲಿತ್ತು.

ಕರಟ ಬಿಡಿಸುವುದನ್ನು ನೋಡುವುದೇ ಒಂದು ಸೊಗಸು. ಉಂಡೆಗೆ ಗಾಯವಾಗದಂತೆ ಕರಟವನ್ನು ಮಾತ್ರ ಮಚ್ಚಿನಿಂದ ಚಕಚಕನೆ ಹಾರಿಸುತ್ತಾರೆ. ಉಂಡೆ ಒಡೆದರೆ ಬೆಲೆ ಬಿತ್ತು. ಆ ಕೆಲಸಗಾರರ ಮಕ್ಕಳೂ ಅದೇ ತೋಟದಲ್ಲಿ, ಅದೇ ರಜೆಯಲ್ಲಿ ಇರುತ್ತಾರೆ ಎಂಬುದನ್ನು ಮಾತ್ರ ಮರೆಯುವಂತಿಲ್ಲ. ಒಬ್ಬರಿಗೆ ತೋಟ ವಿಹಾರ, ಇನ್ನೊಬ್ಬರಿಗೆ ಅಮ್ಮನ ಕೂಲಿಯ ಜಾಗ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಕೂಲಿಗೆ ಹಚ್ಚುವುದನ್ನು 2016ರ ಕಾಯ್ದೆ ತಿದ್ದುಪಡಿ ಪೂರ್ತಿಯಾಗಿ ನಿಷೇಧಿಸಿದೆ. ರಜೆ ಬಂದರೆ ಶಾಲೆಯ ಬಿಸಿಯೂಟ ನಿಲ್ಲುತ್ತದೆಂಬ ಚಿಂತೆಯೂ ಕೆಲವು ಮನೆಗಳಲ್ಲಿ ಇರುತ್ತದೆ. ಬರದ ವರ್ಷಗಳಲ್ಲಿ ಸರ್ಕಾರ ರಜೆಯಲ್ಲೂ ಬಿಸಿಯೂಟ ನಡೆಸಿದ್ದುಂಟು, 2024ರ ಬೇಸಿಗೆ ಅಂಥದೊಂದು. ಪಟ್ಟಣದಿಂದ ಬಂದ ಮಕ್ಕಳು ಮಟ್ಟೆ ಬ್ಯಾಟನ್ನು ಹಿಡಿದು ಅವರನ್ನೂ ಕರೆಯಬೇಕು. ಕರೆದು ನೋಡಿದರೆ ಗೊತ್ತಾಗುತ್ತದೆ, ಪೀಪಿ ಮಾಡುವುದರಲ್ಲಿ, ಮರ ಗುರುತಿಸುವುದರಲ್ಲಿ, ಬಾಲು ಹಿಡಿಯುವುದರಲ್ಲಿ ಗುರುಗಳು ಯಾರೆಂದು.

ತಿನ್ನುವುದರ ಮಾತಿಗೆ ಬಂದರೆ ಪಟ್ಟಿ ಮುಗಿಯದು. ಕೊಬ್ಬರಿಯ ಮನೆಗಳವರು ಎಳನೀರು ಕೆಡವುವುದರಲ್ಲಿ ಸ್ವಲ್ಪ ಕೈಬಿಗಿಯೇ. ಒಂದು ಎಳನೀರೆಂದರೆ ಒಂದು ಉಂಡೆ ಕಡಿಮೆ ಎಂಬ ಲೆಕ್ಕ ಅವರ ತಲೆಯಲ್ಲಿ ಓಡುತ್ತಿರುತ್ತದೆ. ಮೊಮ್ಮಕ್ಕಳು ಬಂದಾಗ ಮಾತ್ರ ಆ ಲೆಕ್ಕ ಸಡಿಲವಾಗುತ್ತದೆ. ರಾಮನವಮಿಗೆ ಪಾನಕ, ಕೋಸಂಬರಿ. ಮಧ್ಯಾಹ್ನ ರಾಗಿ ಅಂಬಲಿಗೆ ಮಜ್ಜಿಗೆ. ಒರಳಲ್ಲಿ ಹುಣಸೆಹಣ್ಣು, ಬೆಲ್ಲ, ಉಪ್ಪು, ಜೀರಿಗೆ, ಚೂರು ಮೆಣಸಿನಕಾಯಿ ಕುಟ್ಟಿ ಕಡ್ಡಿಗೆ ಮೆತ್ತಿದ ಚಿಗಳಿ. ಅದನ್ನು ನೆಕ್ಕುತ್ತ ಕೂತರೆ ಅರ್ಧ ಮಧ್ಯಾಹ್ನ ಸರಿಯುತ್ತದೆ. ಬೇಲಿಯ ಮಗ್ಗುಲಲ್ಲಿ ಕವಳೆಹಣ್ಣು, ಹಳ್ಳದ ದಂಡೆಯಲ್ಲಿ ಈಚಲ ಹಣ್ಣು. ಹಲಸಿನ ಕಾಲವಂತೂ ಈ ಜಿಲ್ಲೆಗೇ ಹಬ್ಬ. ಪಕ್ಕದ ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತರೊಬ್ಬರ ಹೊಲದ ಕೆಂಪು ತೊಳೆಯ ಮರವೊಂದನ್ನು ತೋಟಗಾರಿಕೆ ವಿಜ್ಞಾನಿಗಳು ಗುರುತಿಸಿ, ಅದನ್ನು ನೆಟ್ಟವರ ಹೆಸರಿನಲ್ಲಿ ‘ಸಿದ್ದು’ ಎಂದೇ ಕರೆದರು. ಒಂದು ಒಂಟಿ ಮರದಿಂದ ಕಸಿ ಗಿಡಗಳು ನಾಡಿಗೆಲ್ಲ ಹೋದವು. ನೆಂಟರು ತುಂಬಿದ ದಿನ ಒತ್ತು ಶ್ಯಾವಿಗೆ. ಒರಳಿನ ಮೇಲೆ ಕೂತು ಒತ್ತುವವರು ಒಬ್ಬರು, ಎಳೆಗಳನ್ನು ತಟ್ಟೆಗೆ ಸುತ್ತಿಕೊಳ್ಳುವವರು ಇನ್ನೊಬ್ಬರು. ಅದರ ಮೇಲೆ ಏಲಕ್ಕಿ, ಬೆಲ್ಲ ಹಾಕಿದ ಕಾಯಿಹಾಲು. ಉಂಡವರು ಎದ್ದು ಕೈತೊಳೆಯುವುದೇ ಕಷ್ಟ. ಆಗ ಸೋಗೆ ನೆರಳಿನ ಬೆಲೆ ಇನ್ನೊಮ್ಮೆ ತಿಳಿಯುತ್ತದೆ.

ತೋಟಕ್ಕೆ ಬೇರೆ ಒಡೆಯರೂ ಇದ್ದಾರೆ. ಎಳೆಗಾಯಿ ಕಚ್ಚಿ ಬೀಳಿಸುವ ಅಳಿಲು, ಸತ್ತ ಮರದ ಬೊಡ್ಡೆಯಲ್ಲಿ ಗೂಡು ಕೊರೆಯುವ ಮರಕುಟಿಗ, ಕತ್ತಲಾಗುತ್ತಲೇ ಬೇಲಿಯುದ್ದಕ್ಕೂ ಮಿನುಗುವ ಮಿಂಚುಹುಳು. ತುಮಕೂರು ಬಳಿಯ ನಾಗವಲ್ಲಿಯ ತೋಟಗಳಲ್ಲಿ ಕಾಡುಪಾಪವೂ ಇದೆ. ದುಂಡು ಕಣ್ಣಿನ, ಬೆಕ್ಕಿನ ಮರಿಗಿಂತ ಸಣ್ಣ ಈ ನಿಶಾಚರಿ ಹಗಲೆಲ್ಲ ಮುದುಡಿಕೊಂಡು ನಿದ್ದೆ ಮಾಡಿ ರಾತ್ರಿ ಹುಳು ಹಿಡಿಯುತ್ತದೆ. ಅದನ್ನು ಕಂಡರೆ ಅಪಶಕುನವೆಂದು ಕೊಲ್ಲುವುದು ಶುದ್ಧ ತಪ್ಪು. ರೈತನ ಹುಳುಗಳನ್ನು ತಿನ್ನುವ ನೆಂಟ ಅದು.

ಈಜು ಕಲಿಯದೆ ಬೇಸಿಗೆ ಪೂರ್ತಿಯಾಗುವುದಿಲ್ಲವೆಂದು ಹಿಂದಿನವರು ನಂಬಿದ್ದರು. ಸುಲಿಯದ ಎರಡು ಒಣ ಕಾಯಿಗಳನ್ನು ಹಗ್ಗದಿಂದ ಜೋಡಿಸಿ ಎದೆಯ ಕೆಳಗೆ ಕಟ್ಟಿಕೊಂಡು, ಮಾವನೋ ಚಿಕ್ಕಪ್ಪನೋ ಸೊಂಟಕ್ಕೆ ಬಿಗಿದ ಹಗ್ಗ ಹಿಡಿದಿರುವಾಗ, ಕಪಿಲೆ ಬಾವಿಯ ಮೆಟ್ಟಿಲಿನಿಂದ ನೀರಿಗೆ ಇಳಿಯುತ್ತಿದ್ದರು. ಸಿಪ್ಪೆಯ ನಾರಿನ ನಡುವೆ ಗಾಳಿ ತುಂಬಿರುವುದರಿಂದ ಕಾಯಿ ಮುಳುಗುವುದಿಲ್ಲ. ತೆಂಗು ಸಮುದ್ರದಲ್ಲಿ ತೇಲಿ ದ್ವೀಪದಿಂದ ದ್ವೀಪಕ್ಕೆ ಹೋದದ್ದೂ ಅದೇ ಗುಣದಿಂದ. ಬಾವಿಯ ಮೇಲೆ ಏತಕ್ಕೆ ಬದಲು ಪಂಪು ಬಂತು, ಪಂಪಿನ ಹಿಂದೆ ಕೊಳವೆಬಾವಿ ಬಂತು, ಅವು ಎಂಟುನೂರು, ಸಾವಿರ ಅಡಿಗೆ ಇಳಿದವು. ತೆರೆದ ಬಾವಿಗಳು ಬತ್ತಿ ಕಸದ ಗುಂಡಿಗಳಾದವು. 2016–17ರ ಬರದಲ್ಲಿ ನೀರಿಲ್ಲದೆ ಸುಳಿ ಒಣಗಿ, ತಲೆಯಿಲ್ಲದ ಕಂಬಗಳಂತೆ ನಿಂತ ತೋಟಗಳನ್ನು ಈ ಮೂರೂ ತಾಲ್ಲೂಕಿನವರು ಕಂಡಿದ್ದಾರೆ. ನಲವತ್ತು ವರ್ಷ ಸಾಕಿದ ಮರಕ್ಕೆ ತಾನೇ ಗರಗಸ ಹಿಡಿಸುವ ದಿನ ಮನೆಯಲ್ಲಿ ಒಲೆ ಹಚ್ಚಿದರೂ ಊಟ ಸೇರುವುದಿಲ್ಲ.

ಈಗ ನೀರು ಸಿಗುವುದು ಹೆಚ್ಚಾಗಿ ಕೃಷಿ ಹೊಂಡದಲ್ಲಿ. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯ ನಂತರ ಹೊಲಹೊಲಗಳಲ್ಲಿ ಹೊಂಡಗಳಾಗಿವೆ. ರೈತನಿಗೆ ಅದು ವರ. ಮಕ್ಕಳಿಗೆ ಮಾತ್ರ ಅದು ಬಾವಿಗಿಂತ ಅಪಾಯ, ಈ ಮಾತನ್ನು ಪ್ರತಿ ಪೋಷಕರೂ ಎರಡು ಸಲ ಓದಬೇಕು. ಬಾವಿಗೆ ಕಲ್ಲು, ಮೆಟ್ಟಿಲು, ಹಿಡಿದುಕೊಳ್ಳಲು ಬೇರು ಇರುತ್ತಿತ್ತು. ಹೊಂಡದ ನಾಲ್ಕೂ ಇಳಿಜಾರಿಗೆ ನುಣುಪಾದ ಪ್ಲಾಸ್ಟಿಕ್ ಹಾಳೆ ಹೊದಿಸಿರುತ್ತದೆ. ಅದರ ಮೇಲೆ ಪಾಚಿ. ಕಾಲು ಜಾರಿ ಒಳಗೆ ಹೋದವನಿಗೆ ಈಜು ಬಂದರೂ ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಎಳೆಯಲು ಹೋದ ಗೆಳೆಯನೂ ಜಾರುತ್ತಾನೆ. ಬೇಸಿಗೆ ರಜೆಯಲ್ಲಿ ಇಂಥ ಸುದ್ದಿ ಪತ್ರಿಕೆಯಲ್ಲಿ ಬರದ ವರ್ಷವಿಲ್ಲ. ರಜೆಗೆಂದು ನೆಂಟರ ಮನೆಗೆ ಬಂದ ಮಕ್ಕಳೂ ಅವರಲ್ಲಿರುತ್ತಾರೆ. ಹೊಂಡಕ್ಕೆ ಸುತ್ತ ಬೇಲಿ ಇರಬೇಕು. ನಾಲ್ಕೂ ಬದಿಯಲ್ಲಿ ಗೂಟಕ್ಕೆ ಕಟ್ಟಿದ ಗಂಟು ಹಗ್ಗ ನೀರಿನವರೆಗೆ ಇಳಿಬಿಟ್ಟಿರಬೇಕು, ಗಾಳಿ ತುಂಬಿದ ಹಳೆಯ ಟ್ಯೂಬೊಂದು ದಂಡೆಯ ಮೇಲಿರಬೇಕು. ದೊಡ್ಡವರಿಲ್ಲದೆ ಮಕ್ಕಳು ಅತ್ತ ಸುಳಿಯಬಾರದು, ಕೈಕಾಲು ತೊಳೆಯಲೂ ಕೂಡದು. ಯಾರಾದರೂ ಬಿದ್ದರೆ ಹಿಂದೆಯೇ ಧುಮುಕದೆ ಹಗ್ಗವನ್ನೋ ಉದ್ದ ಸೋಗೆಯನ್ನೋ ಚಾಚಿ ಕೂಗಿ ಜನ ಸೇರಿಸಬೇಕು. ಈಜು ಕಲಿಸುವ ಮಾತು ಇದಾದ ಮೇಲೆ. ಕಲಿಸುವುದನ್ನು ಮಾತ್ರ ಬಿಡಬೇಡಿ, ಹುಡುಗಿಯರಿಗಂತೂ ಬಿಡಲೇಬೇಡಿ. ಹೆಣ್ಣುಮಕ್ಕಳು ದಂಡೆಯ ಮೇಲೆ ಬಟ್ಟೆ ಕಾಯುತ್ತ ಕೂರುವ ಕಾಲ ಮುಗಿಯಬೇಕು.

ಇನ್ನೊಂದು ಎಚ್ಚರಿಕೆ ಗುಡುಗಿನದು. ಭರಣಿ, ಕೃತ್ತಿಕೆ ಮಳೆಗಳು ಸಿಡಿಲಿನ ಮಳೆಗಳು. ಸುತ್ತಮುತ್ತ ಎಲ್ಲಕ್ಕಿಂತ ಎತ್ತರವಾಗಿ ನಿಂತದ್ದು ತೆಂಗು. ಸಿಡಿಲಿಗೆ ಅದೇ ಮೊದಲ ಮೆಟ್ಟಿಲು. ಮಧ್ಯಾಹ್ನ ಯಾವ ನೆರಳು ತಾಯಿಯೋ ಸಂಜೆ ಮೋಡ ಕಟ್ಟಿದಾಗ ಅದೇ ನೆರಳಿನಿಂದ ಮನೆಗೆ ಓಡಬೇಕು.

ಮಳೆ ಬಂದು ನಿಂತ ಮೇಲಿನ ಸಂಜೆಯನ್ನು ಏನೆಂದು ಹೇಳುವುದು! ಮಣ್ಣಿನ ವಾಸನೆ ಏಳುತ್ತದೆ. ಹುತ್ತದ ಬಾಯಿಂದ ಈಸಲು ಹುಳುಗಳು ರೆಕ್ಕೆ ಬಡಿಯುತ್ತ ಹೊಗೆಯಂತೆ ಎದ್ದು ಬರುತ್ತವೆ. ದೀಪದ ಕೆಳಗೆ ಅವನ್ನು ಹಿಡಿದು ಹುರಿದು ತಿನ್ನುವ ಮನೆಗಳು ಇಂದಿಗೂ ಇವೆ. ಕೆಂಪು ಮಖಮಲ್ಲಿನ ಹುಳು ಕಂಡರೆ ಮಕ್ಕಳು ಬೆಂಕಿಪೊಟ್ಟಣ ಹುಡುಕುತ್ತವೆ. ಮರುದಿನವೇ ನೇಗಿಲೋ ಟ್ರ್ಯಾಕ್ಟರೋ ಹೊಲಕ್ಕಿಳಿಯುತ್ತದೆ. ಈ ಸೀಮೆಯ ವಿಶೇಷ ಪೂರ್ವ ಮುಂಗಾರಿನ ಹೆಸರು ಬೆಳೆ. ನಾಡಿನ ಬಹುಪಾಲು ಜೂನ್ ಮಳೆಗೆ ಕಾಯುತ್ತಿರುವಾಗ ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯವರು ಏಪ್ರಿಲ್, ಮೇ ಮಳೆಯನ್ನೇ ನಂಬಿ ಹೆಸರು, ಅಲಸಂದೆ, ಉದ್ದು, ಎಳ್ಳು ಬಿತ್ತಿಬಿಡುತ್ತಾರೆ. ರಜೆ ಮುಗಿಯುವಷ್ಟರಲ್ಲಿ ಹೆಸರಿನ ಸಾಲುಗಳು ಹಸಿರಾಗಿರುತ್ತವೆ. ಬಿತ್ತುವಾಗ ಸಾಲಿನ ಹಿಂದೆ ಬರಿಗಾಲಲ್ಲಿ ನಡೆದ ಹುಡುಗನಿಗೆ ಬೇಳೆ ಅಂಗಡಿಯಲ್ಲಿ ಹುಟ್ಟುವುದಲ್ಲವೆಂದು ಬೇರೆ ಪಾಠ ಬೇಕಿಲ್ಲ.

ಒಂದು ದಿನ ಬುತ್ತಿ ಕಟ್ಟಿಕೊಂಡು ಹೊರಡಬಹುದು. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ಗುಡಿಯ ಚಾವಣಿಯಲ್ಲಿ ಕುಣಿಯುವ ಶಿವನ ಸುತ್ತ ದಿಕ್ಪಾಲಕರಿದ್ದಾರೆ. ಅಂಗಾತ ಮಲಗಿ ನೋಡಬೇಕು, ಕತ್ತು ನೋಯುವುದಿಲ್ಲ. ಅದೇ ಊರಿನ ಚೆನ್ನಕೇಶವ ಗುಡಿಯೂ ತುರುವೇಕೆರೆಯ ಗುಡಿಗಳೂ ಹೊಯ್ಸಳರ ಕಾಲದವು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರ ತೀ.ನಂ. ಶ್ರೀಕಂಠಯ್ಯನವರ ಊರು. ‘ಭಾರತೀಯ ಕಾವ್ಯಮೀಮಾಂಸೆ’ ಬರೆದ ಪಂಡಿತರು ಹುಟ್ಟಿದ್ದು ಈ ಬಯಲಿನಲ್ಲೇ, 1906ರಲ್ಲಿ, ಎಂದರೆ ದೊಡ್ಡ ಮಕ್ಕಳಿಗೆ ಒಂದು ಹುರುಪು.

ರಾತ್ರಿ ಅಂಗಳದಲ್ಲಿ ಚಾಪೆ ಹಾಸಿ ಮಲಗಿದಾಗ ಮಾತು ಎಲ್ಲೆಲ್ಲಿಗೋ ಹೋಗಿ ಕೊನೆಗೆ ತೋಟಕ್ಕೇ ಬಂದು ನಿಲ್ಲುತ್ತದೆ. ಕೊಬ್ಬರಿ 2023ರಲ್ಲಿ ಕ್ವಿಂಟಲಿಗೆ ಎಂಟು ಸಾವಿರದ ಆಸುಪಾಸಿಗೆ ಬಿದ್ದಿತ್ತು, 2025ರಲ್ಲಿ ಇಪ್ಪತ್ತು ಸಾವಿರ ದಾಟಿತು. ಬೆಲೆ ಬಿದ್ದಾಗ ಮಾರಲು ಕಾಯಿತ್ತು, ಏರಿದಾಗ ಹಲವರ ಅಟ್ಟದಲ್ಲಿ ಕಾಯೇ ಇರಲಿಲ್ಲ. ನುಸಿಪೀಡೆ, ಕಪ್ಪುತಲೆ ಹುಳು, ಕಾಂಡ ಸೋರುವ ರೋಗ ಒಂದರ ಹಿಂದೆ ಒಂದು ಬಂದವು. ಮಗ ಬೆಂಗಳೂರಿನಲ್ಲಿ, ಮಗಳು ಮೈಸೂರಿನಲ್ಲಿ. ‘ನಮ್ಮ ಕಾಲಕ್ಕೆ ಹೆಂಗೋ ಆಯ್ತು. ಆಮೇಲೆ ನೋಡ್ಕಳೋರು ಯಾರಪ್ಪ?’ ಎಂದು ತಾತ ಕೇಳುತ್ತಾರೆ. ಕೇಳಿದ್ದು ಮಗನನ್ನು. ಮಗ ಆಕಾಶ ನೋಡುತ್ತಾನೆ. ನಿದ್ದೆ ಬಂದಿದೆಯೆಂದು ಎಲ್ಲರೂ ತಿಳಿದಿದ್ದ ಮೊಮ್ಮಗಳು, ‘ತಾತ, ನಂದೊಂದು ಮರ ಅಂತ ಮಾಡ್ಕೊಡಿ’ ಎನ್ನುತ್ತಾಳೆ.

ಒಂದು ಮರ ಮಾಡಿಕೊಡುವುದಕ್ಕೆ ಪಹಣಿ ಬದಲಾಯಿಸಬೇಕಾಗಿಲ್ಲ. ಮರ ಸತ್ತು ಖಾಲಿಯಾದ ಒಂದು ಜಾಗ ಸಾಕು. ಮೇ ತಿಂಗಳಲ್ಲಿ ಉದ್ದ, ಅಗಲ, ಆಳ ಮೂರೂ ಮೂರಡಿಯ ಗುಂಡಿ ತೆಗೆದು ಬಿಸಿಲಿಗೆ ಬಿಡಬೇಕು. ಸಸಿ ಒಂಬತ್ತರಿಂದ ಹನ್ನೆರಡು ತಿಂ‍ಗಳದ್ದಿರಲಿ. ಬುಡ ದಪ್ಪಗಿದ್ದು, ಐದಾರು ಎಲೆಯಾದರೂ ಬಿಟ್ಟಿರಬೇಕು. ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ ಬೆರೆಸಿ ಗುಂಡಿಯ ಅರ್ಧ ತುಂಬಿಸಿ, ಮುಂಗಾರು ಹಿಡಿಯುತ್ತಲೇ ನಡುವೆ ಸಸಿಯಿಟ್ಟು ಮಣ್ಣು ಕಟ್ಟಬೇಕು. ಸುಳಿಯೊಳಗೆ ಮಣ್ಣು ಬೀಳದಂತೆ ನೋಡಿಕೊಳ್ಳಬೇಕು. ಬೇಸಿಗೆ ಬಂದಾಗ ಬುಡಕ್ಕೆ ಸಿಪ್ಪೆ ಹಾಸಿ ನೀರು ಕೊಡಬೇಕು, ಅದು ತಾತನ ಪಾಲಿನ ಕೆಲಸ. ತಿಪಟೂರು ಟಾಲ್ ಹೊಂಬಾಳೆ ಬಿಡಲು ಆರರಿಂದ ಎಂಟು ವರ್ಷ. ಈಗ ಐದನೇ ತರಗತಿಯಲ್ಲಿರುವ ಹುಡುಗಿ ಪಿಯುಸಿ ಮುಗಿಸುವ ಹೊತ್ತು. ಅಷ್ಟೂ ಬೇಸಿಗೆ ಅವಳು ಊರಿಗೆ ಬಂದು ತನ್ನ ಮರದ ಗರಿ ಎಣಿಸಿ ನೋಟ್ ಪುಸ್ತಕದಲ್ಲಿ ಬರೆದಿಡಬಹುದು. ಹೆಸರಿನ ಫಲಕ ಬೇಕೆಂದು ಹಟ ಹಿಡಿದರೆ ಮರದ ಪಕ್ಕ ಒಂದು ಗೂಟ ನೆಟ್ಟು ಅದಕ್ಕೆ ಕಟ್ಟಿ. ಕಾಂಡಕ್ಕೆ ಮೊಳೆ ಹೊಡೆಯಬೇಡಿ. ಗಾಯವಾದ ಕಡೆಯ ವಾಸನೆ ಹಿಡಿದು ಕೆಂಪುಮೂತಿ ಹುಳು ಬರುತ್ತದೆ.